ನಾಸಿಕ್‌ನ ಆರು ಗಲ್ಲುಗಳು: ಆರೋಪಿ ಯಾರೆಂದು ಯಾರೂ ಕೇಳದ ಪ್ರಕರಣ

2009ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಮಹಾರಾಷ್ಟ್ರದ ಆರು ಮಂದಿಗೆ ಗಲ್ಲು ಶಿಕ್ಷೆ ಖಾಯಂ ಮಾಡಿತು. ಆ ಆರರಲ್ಲಿ ಮೂವರ ಗಲ್ಲನ್ನು ಬಾಂಬೆ ಹೈಕೋರ್ಟ್ ಜೀವಾವಧಿಗೆ ಇಳಿಸಿತ್ತು. ಅದನ್ನು ಪ್ರಶ್ನಿಸಿ ರಾಜ್ಯ ಸರ್ಕಾರ ಮೇಲ್ಮನವಿ ಹಾಕಿತು. ಸುಪ್ರೀಂ ಕೋರ್ಟ್ ಸರ್ಕಾರದ ವಾದವನ್ನು ಎತ್ತಿಹಿಡಿದು ಆ ಮೂವರಿಗೂ ಮತ್ತೆ ಗಲ್ಲು ವಿಧಿಸಿತು. 2019ರ ಮಾರ್ಚ್ 5ರಂದು ಅದೇ ನ್ಯಾಯಾಲಯ ಆರೂ ಜನರನ್ನು ಖುಲಾಸೆ ಮಾಡಿತು. ಅಷ್ಟು ಹೊತ್ತಿಗೆ ಅವರು ಸುಮಾರು 16 ವರ್ಷ ಜೈಲಿನಲ್ಲಿ ಕಳೆದಿದ್ದರು.

ಈ ಪ್ರಕರಣವನ್ನು ಸಾಮಾನ್ಯವಾಗಿ ಕೆಟ್ಟ ತನಿಖೆಯ ಉದಾಹರಣೆಯಾಗಿ ಓದುತ್ತಾರೆ. ತನಿಖೆ ಕೆಟ್ಟಿದ್ದು ನಿಜ. ಆದರೆ ನನಗೆ ಇದು ಅದಕ್ಕಿಂತ ಹೆಚ್ಚಾಗಿ ಶಿಕ್ಷೆ ತಗ್ಗಿಸುವ ಅಂಶಗಳ ಪ್ರಕರಣ, ವಕೀಲರ ಬಾಯಲ್ಲಿ ಹೇಳುವುದಾದರೆ ಮಿಟಿಗೇಶನ್ ಪ್ರಕರಣ. ಅಪರಾಧ ಸಾಬೀತಾಯಿತು ಎಂದ ಮೇಲೆ ನ್ಯಾಯಾಲಯ ಇನ್ನೊಂದು ವಿಚಾರಣೆ ನಡೆಸಬೇಕು. ಈ ಮನುಷ್ಯ ಯಾರು, ಎಷ್ಟು ವಯಸ್ಸು, ಹೇಗೆ ಬೆಳೆದ, ಮುಂದೆ ಸುಧಾರಿಸಬಲ್ಲನೇ ಎಂದು ಅಲ್ಲಿ ಕೇಳಬೇಕು. ಕರುಣೆ ತೋರಿಸಲು ಕೊನೆಗೆ ಸೇರಿಸಿದ ಅಲಂಕಾರ ಅದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಸತ್ಯ ಹುಡುಕುವ ಕೆಲಸವೇ. ನಾಸಿಕ್ ಪ್ರಕರಣದಲ್ಲಿ ಆ ಕೆಲಸ ನೆಟ್ಟಗೆ ನಡೆದಿದ್ದರೆ ಕನಿಷ್ಠ ಒಂದು ದೊಡ್ಡ ಸತ್ಯ ಮೊದಲ ಹಂತದಲ್ಲೇ ಹೊರಬರುತ್ತಿತ್ತು.

2003ರ ಜೂನ್

ಜೂನ್ 5ರ ರಾತ್ರಿ. ನಾಸಿಕ್ ಬಳಿಯ ಸೀಬೆ ತೋಟವೊಂದರಲ್ಲಿ ಗುಡಿಸಲು ಹಾಕಿಕೊಂಡಿದ್ದ ಬಡ ಕುಟುಂಬದ ಮೇಲೆ ಒಂದು ಗುಂಪು ಎರಗಿತು. ಹಣ ಮತ್ತು ಒಡವೆ ದೋಚಿದರು. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಐವರು ಪ್ರಾಣ ಕಳೆದುಕೊಂಡರು. ಗಾಯಗೊಂಡು ಬದುಕುಳಿದ ಇಬ್ಬರೇ ಮುಂದೆ ಪ್ರಮುಖ ಸಾಕ್ಷಿಗಳಾದರು. ಅವರಲ್ಲಿ ಒಬ್ಬಳು ಆ ಮನೆಯ ಹೆಂಗಸು.

ಆ ಹೆಂಗಸಿನ ಸಾಕ್ಷ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಘಟನೆಯಾದ ಎರಡೇ ದಿನಕ್ಕೆ, ಜೂನ್ 7ರಂದು, ಪೊಲೀಸರು ತಮ್ಮ ದಾಖಲೆಯಲ್ಲಿದ್ದ ಹಳೆಯ ಅಪರಾಧಿಗಳ ಫೋಟೋಗಳನ್ನು ಅವಳ ಮುಂದಿಟ್ಟರು. ವಿಶೇಷ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಎದುರಿಗೆ ಅವಳು ನಾಲ್ಕು ಫೋಟೋಗಳನ್ನು ಗುರುತಿಸಿ ಇವರೇ ಎಂದಳು. ನೆನಪು ಹಸಿಯಾಗಿದ್ದಾಗ ಅವಳು ತೋರಿಸಿದ ಆ ನಾಲ್ವರ ಮೇಲೆ ಆರೋಪಪಟ್ಟಿ ಬರಲಿಲ್ಲ. ಅವರನ್ನು ಯಾಕೆ ಬಿಟ್ಟರು ಎಂಬುದಕ್ಕೆ ಅಭಿಯೋಜನೆ ವಿವರಣೆಯನ್ನೂ ಕೊಡಲಿಲ್ಲ. ಬದಲಿಗೆ ಬೇರೆ ಆರು ಜನ ಸಿಕ್ಕಿಬಿದ್ದರು. ಆರೂ ಜನ ಅಲೆಮಾರಿ ಸಮುದಾಯದವರು, ಕೂಲಿನಾಲಿ ಮಾಡಿ ಬದುಕುತ್ತಿದ್ದವರು. ನಂತರ ನಡೆದ ಗುರುತು ಪತ್ತೆ ಪರೇಡಿನಲ್ಲಿ (ಆರೋಪಿಗಳನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಸಾಕ್ಷಿಗೆ ತೋರಿಸುವ ಕ್ರಮ) ಮತ್ತು ಕೋರ್ಟಿನಲ್ಲಿ ಸಾಕ್ಷಿಗಳು ಇವರನ್ನು ಗುರುತಿಸಿದರು. ಕೇಸು ನಿಂತದ್ದು ಆ ಗುರುತಿನ ಮೇಲೆಯೇ.

ಅಲೆಮಾರಿ ಎಂಬ ವಿವರವನ್ನು ಹಗುರವಾಗಿ ದಾಟಿಹೋಗಲು ನನಗೆ ಮನಸ್ಸಿಲ್ಲ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಪಟ್ಟಿ ಮಾಡಿತ್ತು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಊರಲ್ಲಿ ದರೋಡೆಯಾದರೆ ಮೊದಲು ಅಲೆಮಾರಿ ಬಿಡಾರಕ್ಕೆ ಜೀಪು ಹೋಗುವ ರೂಢಿ ಮಾತ್ರ ಕಾಯ್ದೆಯ ಜೊತೆಗೆ ಹೋಗಲಿಲ್ಲ. ಇದು ಮಹಾರಾಷ್ಟ್ರದ ಕಥೆಯಷ್ಟೇ ಅಲ್ಲ. ನಮ್ಮ ಉತ್ತರ ಕರ್ನಾಟಕದ ಅಲೆಮಾರಿ ಮತ್ತು ವಿಮುಕ್ತ ಸಮುದಾಯದವರನ್ನು ಮಾತಾಡಿಸಿದರೆ ಈ ಅನುಭವ ಅವರಿಗೆ ಹೊಸದಲ್ಲ ಎಂದು ಗೊತ್ತಾಗುತ್ತದೆ.

2006ರ ಜೂನ್‌ನಲ್ಲಿ ನಾಸಿಕ್ ಸೆಷನ್ಸ್ ಕೋರ್ಟ್ ಆರೂ ಜನರಿಗೆ ಗಲ್ಲು ವಿಧಿಸಿತು. 2007ರ ಮಾರ್ಚ್‌ನಲ್ಲಿ ಹೈಕೋರ್ಟ್ ಮೂವರ ಗಲ್ಲನ್ನು ಉಳಿಸಿ ಇನ್ನು ಮೂವರದನ್ನು ಜೀವಾವಧಿ ಮಾಡಿತು. ಆಮೇಲಿನದು ಆಗಲೇ ಹೇಳಿದ 2009ರ ತೀರ್ಪು.

ಕಾನೂನು ಏನು ಹೇಳುತ್ತಿತ್ತು

ಆ ತೀರ್ಪು ಬಂದಾಗ ಕಾನೂನು ಅಸ್ಪಷ್ಟವಾಗಿರಲಿಲ್ಲ. 1955ಕ್ಕೆ ಮೊದಲು ಕೊಲೆಗೆ ಗಲ್ಲೇ ರೂಢಿ. ಗಲ್ಲು ಕೊಡದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಇದನ್ನು ಪೂರ್ತಿ ತಿರುಗಿಸಿತು. 354(3)ನೇ ಕಲಂ ಪ್ರಕಾರ ಗಲ್ಲು ಕೊಡುವುದಾದರೆ ವಿಶೇಷ ಕಾರಣ ಬರೆಯಬೇಕು. 235(2)ನೇ ಕಲಂ ಪ್ರಕಾರ ದೋಷಿ ಎಂದು ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆ ಅವನ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇವೇ ನಿಯಮಗಳು 393(3) ಮತ್ತು 258(2) ಆಗಿ ಉಳಿದಿವೆ. ಈ ಎರಡನೇ ವಿಚಾರಣೆ ಬರೀ ಶಾಸ್ತ್ರಕ್ಕೆ ಮಾಡಿ ಮುಗಿಸುವಂಥದ್ದಲ್ಲ, ಶಿಕ್ಷೆಗೆ ಸಂಬಂಧಿಸಿದ ಸಂಗತಿಗಳನ್ನು ಮಂಡಿಸಲು ಅಲ್ಲಿ ನಿಜವಾದ ಅವಕಾಶ ಇರಬೇಕು ಎಂದು ಸುಪ್ರೀಂ ಕೋರ್ಟ್ 1976ರ ಸಂತಾ ಸಿಂಗ್ ಪ್ರಕರಣದಲ್ಲೇ ಹೇಳಿತ್ತು.

ಆಮೇಲೆ ಬಂದದ್ದು 1980ರ ಮೇ 9ರ ಬಚನ್ ಸಿಂಗ್ ತೀರ್ಪು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 4:1 ಬಹುಮತದಲ್ಲಿ ಗಲ್ಲು ಶಿಕ್ಷೆಯನ್ನು ಉಳಿಸಿತು. ಭಿನ್ನಮತ ನ್ಯಾಯಮೂರ್ತಿ ಪಿ.ಎನ್. ಭಗವತಿಯವರದು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ಎಸ್. ಸರ್ಕಾರಿಯಾ. ‘ಅಪರೂಪದಲ್ಲಿ ಅಪರೂಪ’ ಎಂಬ ಮಾತು ಎಲ್ಲರಿಗೂ ಗೊತ್ತು, ಟಿವಿ ಚರ್ಚೆಗಳಲ್ಲಿ ದಿನಾ ಕೇಳುತ್ತೇವೆ. ಆದರೆ ಆ ವಾಕ್ಯ ಅಲ್ಲಿಗೇ ಮುಗಿಯುವುದಿಲ್ಲ. ಬೇರೆ ಶಿಕ್ಷೆಯ ದಾರಿ ಪ್ರಶ್ನಾತೀತವಾಗಿ ಮುಚ್ಚಿಹೋಗಿದ್ದರೆ ಮಾತ್ರ ಎಂಬ ಷರತ್ತು ಅದಕ್ಕಿದೆ. ಅಪರಾಧ ಎಷ್ಟು ಘೋರ ಎಂಬುದರಿಂದ ಮಾತ್ರ ಈ ಷರತ್ತು ಪೂರೈಸಿತೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ. ಅಪರಾಧಿಯನ್ನು ನೋಡಲೇಬೇಕು.

ಹಾಗೆ ನೋಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿಗಳನ್ನೂ ಆ ತೀರ್ಪು ಹೆಸರಿಸಿತು. ತೀವ್ರ ಮಾನಸಿಕ ಉದ್ವೇಗದಲ್ಲಿ ಕೃತ್ಯ ನಡೆಯಿತೇ, ಆರೋಪಿ ತೀರಾ ಚಿಕ್ಕವನೋ ಮುದುಕನೋ, ಇನ್ನೊಬ್ಬರ ಒತ್ತಡಕ್ಕೆ ಸಿಕ್ಕಿ ಮಾಡಿದನೇ, ತನ್ನ ಮಟ್ಟಿಗೆ ನ್ಯಾಯ ಎಂದು ನಂಬಿ ಮಾಡಿದನೇ, ಮಾನಸಿಕ ದೋಷದಿಂದ ತಾನು ಮಾಡುತ್ತಿರುವುದು ತಪ್ಪೆಂದು ಅರಿಯುವ ಶಕ್ತಿ ಕುಂದಿತ್ತೇ ಎಂಬಂಥವು. ಇವುಗಳ ಜೊತೆಗೆ ಇನ್ನೆರಡು ಇವೆ: ಅವನು ಮುಂದೆಯೂ ಸಮಾಜಕ್ಕೆ ಅಪಾಯವಾಗಿ ಉಳಿಯುವನೇ ಎಂಬುದು, ಮತ್ತು ಅವನು ಸುಧಾರಿಸಬಲ್ಲನೇ ಎಂಬುದು. ಈ ಎರಡರ ವಿಷಯದಲ್ಲಿ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಸುಧಾರಿಸಬಲ್ಲೆ ಎಂದು ಆರೋಪಿ ತೋರಿಸಬೇಕಿಲ್ಲ, ಸುಧಾರಿಸಲಾರ ಎಂದು ಸರ್ಕಾರ ಸಾಕ್ಷ್ಯ ಕೊಟ್ಟು ತೋರಿಸಬೇಕು. ಬಚನ್ ಸಿಂಗ್ ತೀರ್ಪಿನ ಜೀವಾಳವೇ ಇದು ಎಂದು ನನ್ನ ಅಭಿಪ್ರಾಯ. ವಿಚಾರಣಾ ನ್ಯಾಯಾಲಯಗಳಲ್ಲಿ ಅತ್ಯಂತ ಕಡಿಮೆ ಪಾಲನೆಯಾಗಿರುವುದೂ ಇದೇ.

ವಾಸ್ತವದಲ್ಲಿ ಏನಾಗುತ್ತದೆ? ಬೆಳಿಗ್ಗೆ ದೋಷಿ ಎಂದು ತೀರ್ಪು. ಮಧ್ಯಾಹ್ನವೋ ಮರುದಿನವೋ ಶಿಕ್ಷೆಯ ಮೇಲೆ ವಾದ. ಕಟಕಟೆಯಲ್ಲಿ ನಿಂತವನನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತಾರೆ. ಅವನು ಕೈ ಮುಗಿದು, ‘ಬಡವ ಸ್ವಾಮಿ, ಹೆಂಡ್ತಿ ಮಕ್ಕಳಿದ್ದಾರೆ, ವಯಸ್ಸಾದ ತಾಯಿ ಇದ್ದಾಳೆ’ ಎನ್ನುತ್ತಾನೆ. ವಕೀಲರು ಕನಿಷ್ಠ ಶಿಕ್ಷೆ ಕೊಡಿ ಎಂದು ಎರಡು ವಾಕ್ಯ ಸೇರಿಸುತ್ತಾರೆ. ಸರ್ಕಾರಿ ಅಭಿಯೋಜಕರು ಸಮಾಜಕ್ಕೆ ಸಂದೇಶ ಹೋಗಬೇಕು ಎನ್ನುತ್ತಾರೆ. ಆದೇಶದಲ್ಲಿ ಇದಕ್ಕೆ ಒಂದು ಪ್ಯಾರಾ ಸಿಗುತ್ತದೆ. ಶಾಲೆಯ ದಾಖಲಾತಿ ಇಲ್ಲ, ವೈದ್ಯರ ವರದಿ ಇಲ್ಲ, ಜೈಲು ಅಧಿಕಾರಿಯ ಮಾತಿಲ್ಲ, ಮನೆಗೆ ಹೋಗಿ ಯಾರೂ ಯಾರನ್ನೂ ಕೇಳಿಲ್ಲ. ಕೊಲೆ ಸಾಬೀತು ಮಾಡಲು ಹತ್ತಾರು ಸಾಕ್ಷಿಗಳ ಪಾಟೀಸವಾಲು ವರ್ಷಗಟ್ಟಲೆ ನಡೆದಿರುತ್ತದೆ. ಜೀವ ತೆಗೆಯಬೇಕೇ ಬೇಡವೇ ಎಂಬುದು ಊಟದ ಬಿಡುವಿನ ಆಚೀಚೆ ತೀರ್ಮಾನವಾಗುತ್ತದೆ.

ರಾವ್‌ಜಿ ತೀರ್ಪು ಮಾಡಿದ ಅನಾಹುತ

2009ರ ಪೀಠ ಬಚನ್ ಸಿಂಗ್ ನಿಯಮವನ್ನು ಯಾಕೆ ಕಡೆಗಣಿಸಿತು? ಅದಕ್ಕೆ ರಾಜಸ್ಥಾನದ ಇನ್ನೊಂದು ಪ್ರಕರಣಕ್ಕೆ ಹೋಗಬೇಕು. 1995ರ ಡಿಸೆಂಬರ್‌ನಲ್ಲಿ ರಾವ್‌ಜಿ ಎಂಬವನ ಮೇಲ್ಮನವಿಯನ್ನು ತೀರ್ಮಾನಿಸುತ್ತಾ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಶಿಕ್ಷೆ ನಿರ್ಧರಿಸುವಾಗ ಗಣನೆಗೆ ಬರುವುದು ಅಪರಾಧದ ಸ್ವರೂಪ ಮತ್ತು ತೀವ್ರತೆಯೇ ಹೊರತು ಅಪರಾಧಿಯಲ್ಲ ಎಂದು ಬರೆಯಿತು. ಐವರ ಪೀಠ ಹೇಳಿದ್ದಕ್ಕೆ ಇದು ನೇರ ವಿರುದ್ಧ. ಇಬ್ಬರ ಪೀಠಕ್ಕೆ ಹಾಗೆ ಹೇಳುವ ಅಧಿಕಾರವೇ ಇರಲಿಲ್ಲ. ರಾವ್‌ಜಿಯನ್ನು 1996ರ ಮೇ ತಿಂಗಳಲ್ಲಿ ನೇಣಿಗೆ ಹಾಕಿದರು. ಅದೇ ವಾಕ್ಯವನ್ನು ನೆಚ್ಚಿಕೊಂಡ ಇನ್ನೊಂದು ತೀರ್ಪಿನ ಬಲದಿಂದ 1997ರಲ್ಲಿ ಸುರ್ಜಾ ರಾಮ್ ಎಂಬವನಿಗೂ ಗಲ್ಲಾಯಿತು.

ತಪ್ಪು ವಾಕ್ಯವೊಂದು ಒಂದು ತೀರ್ಪಿನಿಂದ ಇನ್ನೊಂದಕ್ಕೆ ನಕಲಾಗುತ್ತಾ ಹೋಯಿತು. ವಕೀಲರು ಉಲ್ಲೇಖಿಸಿದರು, ಪೀಠಗಳು ಒಪ್ಪಿಕೊಂಡವು, ಮೂಲ ತೀರ್ಪನ್ನು ತೆಗೆದು ನೋಡುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. ಆ ಸಾಲಿನಲ್ಲಿ ಬಂದದ್ದೇ ನಾಸಿಕ್ ಪ್ರಕರಣದ 2009ರ ತೀರ್ಪು. ಅದರ ಶಿಕ್ಷೆಯ ಭಾಗವನ್ನು ಓದಿದರೆ ಕೃತ್ಯದ ಕ್ರೌರ್ಯದ ಬಗ್ಗೆ ಬಲವಾದ ಮಾತುಗಳಿವೆ, ಆ ಕ್ರೌರ್ಯ ಸುಳ್ಳೂ ಅಲ್ಲ. ಆರು ಜನರನ್ನು ಬಿಡಿಬಿಡಿಯಾಗಿ ನೋಡಿ, ಇವನ ವಯಸ್ಸು ಇಷ್ಟು, ಇವನ ಪಾಲು ಇಷ್ಟು, ಇವನು ಸುಧಾರಿಸಲಾರ ಎನ್ನಲು ಸರ್ಕಾರ ಕೊಟ್ಟ ಸಾಕ್ಷ್ಯ ಇದು ಎಂದು ತೂಗಿದ್ದು ಮಾತ್ರ ಅಲ್ಲಿ ಸಿಗುವುದಿಲ್ಲ.

ಈ ತೀರ್ಪು ಬಂದು 13 ದಿನಕ್ಕೆ, 2009ರ ಮೇ 13ರಂದು, ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಸಂತೋಷ್ ಬರಿಯಾರ್ ಪ್ರಕರಣದಲ್ಲಿ ರಾವ್‌ಜಿ ತೀರ್ಪು ಕಾನೂನನ್ನು ಗಮನಿಸದೆ ಕೊಟ್ಟದ್ದು, ಅದಕ್ಕೆ ಬೆಲೆಯಿಲ್ಲ ಎಂದು ಘೋಷಿಸಿತು. ಬರೆದವರು ನ್ಯಾಯಮೂರ್ತಿ ಎಸ್.ಬಿ. ಸಿನ್ಹಾ. ಎರಡು ವಾರ ಮುಂಚೆ ಆ ಮಾತು ಬಂದಿದ್ದರೆ ನಾಸಿಕ್‌ನ ಆರು ಜನರ ಭವಿಷ್ಯ ಬೇರೆಯಾಗುತ್ತಿತ್ತೇ ಎಂದು ಈ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗಲೆಲ್ಲ ಯೋಚನೆ ಬರುತ್ತದೆ. ಬೇರೆಯಾಗಲೇಬೇಕಿತ್ತು. ಯಾಕೆಂದರೆ ಬೇರೆ ದಾರಿಯೂ ಆಗಲೇ ತೆರೆದಿತ್ತು, ಅದನ್ನು ತೆರೆದದ್ದು ಬೆಂಗಳೂರಿನ ಒಂದು ಪ್ರಕರಣ. ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ 2008ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, 14 ವರ್ಷದ ಜೈಲು ತೀರಾ ಕಡಿಮೆ, ಗಲ್ಲು ತೀರಾ ಹೆಚ್ಚು ಎನಿಸಿದಾಗ ಕ್ಷಮಾದಾನದ ರಿಯಾಯಿತಿ ಇಲ್ಲದ ದೀರ್ಘ ಜೀವಾವಧಿ ವಿಧಿಸಬಹುದು ಎಂದಿತ್ತು. ಆ ಪ್ರಕರಣದ ಅಪರಾಧಿ ತನ್ನ ಜೀವ ಇರುವ ತನಕ ಜೈಲಿನಲ್ಲೇ ಇರಬೇಕೆಂದು ಆದೇಶವಾಯಿತು. ಬೇರೆ ದಾರಿ ಮುಚ್ಚಿಹೋಗಿದೆಯೇ ಎಂಬ ಬಚನ್ ಸಿಂಗ್ ಪ್ರಶ್ನೆಗೆ ಆ ನಂತರ ಮುಚ್ಚಿದೆ ಎಂದು ಉತ್ತರಿಸುವುದು ಬಹಳ ಕಷ್ಟ. ನಾಸಿಕ್ ತೀರ್ಪು ಬಂದದ್ದು ಇದಾದ ಒಂಬತ್ತು ತಿಂಗಳಿಗೆ.

ಕೇಳಿದ್ದರೆ ಸಿಗುತ್ತಿದ್ದ ಉತ್ತರ

ಮೊದಲ ಆರೋಪಿಯ ವಿಷಯಕ್ಕೆ ಬರೋಣ. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬಾಲಾಪರಾಧದ ಆರೋಪ ಹೊತ್ತವರ ಗುರುತು ಹೊರಹಾಕಬಾರದೆಂದು ಬಾಲ ನ್ಯಾಯ ಕಾಯ್ದೆ ಹೇಳುತ್ತದೆ, ಅವನು ಅಂಥವನು. ಘಟನೆ ನಡೆದ 2003ರಲ್ಲಿ ಅವನಿಗೆ 18 ತುಂಬಿರಲಿಲ್ಲ.

ಇದು ಬೆಳಕಿಗೆ ಬಂದದ್ದು ಸುಪ್ರೀಂ ಕೋರ್ಟ್ ಗಲ್ಲು ಖಾಯಂ ಮಾಡಿ ವರ್ಷಗಳು ಕಳೆದ ಮೇಲೆ. 1986ರ ಹಳೆಯ ಕಾಯ್ದೆಯಲ್ಲಿ ಹುಡುಗರಿಗೆ ವಯೋಮಿತಿ 16 ಇತ್ತು. 2000ದ ಕಾಯ್ದೆ ಅದನ್ನು 18ಕ್ಕೆ ಏರಿಸಿತು, 2001ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅಂದರೆ 2003ರ ಘಟನೆಗೆ ಹೊಸ ಕಾಯ್ದೆಯೇ ಅನ್ವಯ. ಆ ಪ್ರಕಾರ ಅವನನ್ನು ಸೆಷನ್ಸ್ ಕೋರ್ಟಿನ ಮುಂದೆ ನಿಲ್ಲಿಸುವಂತೆಯೇ ಇರಲಿಲ್ಲ. ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಬೇಕಿತ್ತು, ತಪ್ಪು ಸಾಬೀತಾದರೂ ವಿಶೇಷ ಗೃಹದಲ್ಲಿ ಗರಿಷ್ಠ ಮೂರು ವರ್ಷ. ಅವನನ್ನು ವಯಸ್ಕನೆಂದು ವಿಚಾರಣೆ ಮಾಡಿ, ಮೂರು ಹಂತದ ನ್ಯಾಯಾಲಯಗಳು ಗಲ್ಲು ಹೇಳಿದವು.

ವಯಸ್ಸು ಎಂಬುದು ಬಚನ್ ಸಿಂಗ್ ಪಟ್ಟಿಯಲ್ಲಿ ಕಣ್ಣಿಗೆ ಬೀಳುವ ಮೊದಲ ಅಂಶಗಳಲ್ಲೊಂದು. ಶಿಕ್ಷೆಯ ವಿಚಾರಣೆಯಲ್ಲಿ ಯಾರಾದರೂ ಕುಳಿತು, ನೀನು ಹುಟ್ಟಿದ್ದೆಲ್ಲಿ, ಶಾಲೆಗೆ ಹೋಗಿದ್ದೆಯಾ, ನಿನ್ನ ಅಕ್ಕನಿಗೆ ಈಗೆಷ್ಟು ವಯಸ್ಸು, ಅವಳಿಗಿಂತ ನೀನೆಷ್ಟು ಚಿಕ್ಕವ ಎಂದು ಕೇಳಿದ್ದರೆ ಸಾಕಿತ್ತು. ಅಲೆಮಾರಿ ಕುಟುಂಬಗಳಲ್ಲಿ ಜನನ ಪ್ರಮಾಣಪತ್ರ ಸಿಗುವುದು ಅಪರೂಪ. ಎಷ್ಟೋ ತಾಯಂದಿರು ಮಕ್ಕಳ ವಯಸ್ಸು ಹೇಳುವುದು ಬರಗಾಲ, ಜಾತ್ರೆ, ಚುನಾವಣೆಯ ಲೆಕ್ಕದಲ್ಲಿ. ಪೊಲೀಸ್ ಠಾಣೆಯಲ್ಲಿ ಬರೆಹಗಾರನು ಮುಖ ನೋಡಿ ‘ಅಂದಾಜು 20’ ಎಂದು ಹಾಕಿದ್ದೇ ಮುಂದೆ ಕಡತದಿಂದ ಕಡತಕ್ಕೆ ಸಾಗುತ್ತದೆ. ವಯಸ್ಸನ್ನು ಯಾವ ಹಂತದಲ್ಲಾದರೂ, ಅಂತಿಮ ತೀರ್ಪಿನ ನಂತರವಾದರೂ ಎತ್ತಬಹುದು ಎಂದು ಕಾನೂನು ಅವಕಾಶ ಕೊಟ್ಟಿರುವುದು ಇಂಥವರಿಗಾಗಿಯೇ. ಆದರೆ ಎತ್ತಲು ಯಾರಾದರೂ ಬೇಕಲ್ಲ. ಪುಣೆಯ 1994ರ ಕೊಲೆ ಪ್ರಕರಣವೊಂದರಲ್ಲಿ ಗಲ್ಲಿಗೆ ಗುರಿಯಾಗಿದ್ದ ಒಬ್ಬನಿಗೆ ಘಟನೆಯ ವೇಳೆ ಬರೀ ಹನ್ನೆರಡೂವರೆ ವರ್ಷ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2023ರ ಮಾರ್ಚ್‌ನಲ್ಲಿ. ಅವನು 28 ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ. ಇಂಥದ್ದು ಮತ್ತೆ ಮತ್ತೆ ಆಗುತ್ತಿದ್ದರೆ ಅದನ್ನು ಆಕಸ್ಮಿಕ ಎನ್ನಲಾಗದು.

ಇನ್ನೊಂದು ಅಂಶವೂ ನಾಸಿಕ್ ಕಡತದಲ್ಲಿ ಕಣ್ಣ ಮುಂದೆಯೇ ಇತ್ತು: ಉಳಿದಿದ್ದ ಅನುಮಾನ. ಆರೋಪ ಸಾಬೀತಾಗಲು ಸಮಂಜಸ ಸಂಶಯ ಉಳಿಯಬಾರದು, ಸರಿ. ಆದರೆ ಆ ಗೆರೆ ದಾಟಿದ ಮೇಲೂ ನ್ಯಾಯಾಧೀಶರ ಮನಸ್ಸಿನಲ್ಲಿ ಎಲ್ಲೋ ಒಂದು ಮುಳ್ಳು ಉಳಿದಿರಬಹುದು. ಅದು ಖುಲಾಸೆಗೆ ಸಾಲದಿದ್ದರೂ ಗಲ್ಲನ್ನು ತಡೆಯಲು ಸಾಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತ್ರಿಪುರಾದ ಅಶೋಕ್ ದೇಬ್ಬರ್ಮಾ ಪ್ರಕರಣದಲ್ಲಿ ಹೇಳಿತು. ಗಲ್ಲು ಮರಳಿ ತೆಗೆದುಕೊಳ್ಳಲಾಗದ ಶಿಕ್ಷೆ, ಅದಕ್ಕೇ ಈ ಹೆಚ್ಚಿನ ಎಚ್ಚರ. ನಾಸಿಕ್‌ನಲ್ಲಿ ಬದುಕುಳಿದ ಹೆಂಗಸು ಮೊದಲು ತೋರಿಸಿದ ನಾಲ್ವರು ಬೇರೆಯವರು ಎಂಬುದಕ್ಕಿಂತ ದೊಡ್ಡ ಮುಳ್ಳು ಇನ್ನೇನು ಬೇಕು?

ವಾಪಸು ಬಂದ ದಾರಿ

2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗೆ ಮನವಿ ಬರೆದರು. ರಾವ್‌ಜಿ ತೀರ್ಪಿನ ತಪ್ಪಿನಿಂದ ಗಲ್ಲಿಗೆ ಗುರಿಯಾದ 13 ಕೈದಿಗಳ ಶಿಕ್ಷೆಯನ್ನು ಬದಲಿಸಿ ಎಂಬುದು ಅವರ ಕೋರಿಕೆ. ನಾಸಿಕ್ ಪ್ರಕರಣದವರೂ ಆ ಪಟ್ಟಿಯಲ್ಲಿದ್ದರು. ನ್ಯಾಯಪೀಠದಲ್ಲಿ ಕುಳಿತು ಎದ್ದವರೇ ವ್ಯವಸ್ಥೆಯ ತಪ್ಪನ್ನು ಹೀಗೆ ಬಹಿರಂಗವಾಗಿ ಒಪ್ಪಿದ್ದು ಸಣ್ಣ ಮಾತಲ್ಲ, ಅವರ ಬಗ್ಗೆ ನನಗೆ ಬಹಳ ಗೌರವವಿದೆ. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಗಲ್ಲು ಪ್ರಕರಣಗಳ ಮರುಪರಿಶೀಲನಾ ಅರ್ಜಿಗಳನ್ನು ಕೊಠಡಿಯೊಳಗೆ ಕಾಗದ ನೋಡಿ ಮುಗಿಸದೆ ತೆರೆದ ನ್ಯಾಯಾಲಯದಲ್ಲಿ ಮೂವರು ನ್ಯಾಯಮೂರ್ತಿಗಳು ಕೇಳಬೇಕು ಎಂದು ಮೊಹಮ್ಮದ್ ಆರಿಫ್ ಪ್ರಕರಣದಲ್ಲಿ ನಿಯಮ ಮಾಡಿತು. 2018ರ ಅಕ್ಟೋಬರ್‌ನಲ್ಲಿ ನಾಸಿಕ್ ಪ್ರಕರಣದ 2009ರ ತೀರ್ಪನ್ನು ಹಿಂಪಡೆದು ಮೇಲ್ಮನವಿಗಳನ್ನು ಹೊಸದಾಗಿ ಕೇಳಲಾಯಿತು.

ಕೊನೆಯ ತೀರ್ಪು ಕೊಟ್ಟ ಪೀಠದಲ್ಲಿ ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ನಮ್ಮ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಮತ್ತು ಎಂ.ಆರ್. ಶಾ ಇದ್ದರು. ಜೂನ್ 7ರ ಫೋಟೋ ಗುರುತಿಸುವಿಕೆ ಅವರ ಕಣ್ಣಿಗೆ ಬಿತ್ತು. ಮೊದಲು ನಾಲ್ವರನ್ನು ತೋರಿಸಿದ ಸಾಕ್ಷಿ ಆಮೇಲೆ ಬೇರೆ ಆರು ಜನರನ್ನು ತೋರಿಸಿದ್ದನ್ನು ನಂಬಿ ಶಿಕ್ಷೆ ಕೊಡಲಾಗದು ಎಂದರು. ಆರೋಪಿಗಳು ಅಲೆಮಾರಿ ಬುಡಕಟ್ಟಿನವರು, ಸಮಾಜದ ತೀರಾ ಕೆಳಸ್ತರದ ಬಡ ಕೂಲಿಗಳು, ಅವರನ್ನು ಸುಳ್ಳಾಗಿ ಸಿಕ್ಕಿಸಿರುವ ಸಾಧ್ಯತೆ ಇದೆ ಎಂಬುದನ್ನೂ ದಾಖಲಿಸಿದರು. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಮಹಾರಾಷ್ಟ್ರ ಸರ್ಕಾರಕ್ಕೆ ಆದೇಶವಾಯಿತು. ತಪ್ಪಿತಸ್ಥ ಪೊಲೀಸ್ ಅಧಿಕಾರಿಗಳನ್ನು ಪತ್ತೆ ಮಾಡಿ ಇಲಾಖಾ ಕ್ರಮ ಕೈಗೊಳ್ಳಲೂ ಹೇಳಿದರು.

ಅಲೆಮಾರಿ, ಕೂಲಿ, ಬಡವ ಎಂಬ ವಿವರಗಳು 2006ರಲ್ಲೂ ಗೊತ್ತಿದ್ದವೇ. ಆಗ ಯಾರಿಗೂ ಅವು ಮುಖ್ಯವೆನಿಸಲಿಲ್ಲ. 2019ರಲ್ಲಿ ಅವೇ ವಿವರಗಳು ಸಾಕ್ಷ್ಯವನ್ನು ಬೇರೆ ಬೆಳಕಿನಲ್ಲಿ ನೋಡುವಂತೆ ಮಾಡಿದವು. ಮಿಟಿಗೇಶನ್ ಎಂದರೆ ಅಪರಾಧಿಯ ಪರ ಮರುಕ ಎನ್ನುವವರು ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಬೇಕು.

ಐದು ಜೀವ ಕಳೆದುಕೊಂಡ ಕುಟುಂಬಕ್ಕೆ ಇದರಿಂದ ಏನು ಸಿಕ್ಕಿತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅವರಿಗೆ ಏನೂ ಸಿಗಲಿಲ್ಲ, ಆ ಮನೆಯ ಹೆಂಗಸು ಎರಡನೇ ದಿನವೇ ತೋರಿಸಿದ ನಾಲ್ವರ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಆರೋಪಿಯ ಬಗ್ಗೆ ಎಚ್ಚರದಿಂದ ವಿಚಾರಿಸಿದರೆ ಸಂತ್ರಸ್ತರಿಗೆ ಅನ್ಯಾಯವಾಗುತ್ತದೆ ಎಂಬ ವಾದವನ್ನು ಈ ಪ್ರಕರಣ ತಲೆಕೆಳಗು ಮಾಡುತ್ತದೆ. ಇಲ್ಲಿ ಎಚ್ಚರ ತಪ್ಪಿದ್ದರಿಂದಲೇ ಇಬ್ಬರಿಗೂ ಅನ್ಯಾಯವಾಯಿತು.

ಈಗಿನ ಸ್ಥಿತಿ

ಮೂರು ವರ್ಷದ ನಂತರ, 2022ರ ಮೇ 20ರಂದು, ಇಂದೋರಿನ ತ್ರಿವಳಿ ಕೊಲೆಗೆ ಸಂಬಂಧಿಸಿದ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಿಟಿಗೇಶನ್ನಿಗೆ ಒಂದು ಕಾರ್ಯವಿಧಾನ ಹಾಕಿಕೊಟ್ಟಿತು. ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಬರೆದ ತೀರ್ಪು ಅದು. ಗಲ್ಲು ಬರಬಹುದಾದ ಪ್ರಕರಣಗಳಲ್ಲಿ ವಿಚಾರಣಾ ಹಂತದಲ್ಲೇ ಸರ್ಕಾರ ಆರೋಪಿಯ ಮನೋವೈದ್ಯಕೀಯ ಮೌಲ್ಯಮಾಪನವನ್ನು ಸಲ್ಲಿಸಬೇಕು. ವಯಸ್ಸು, ಬಾಲ್ಯದ ಕುಟುಂಬ ಪರಿಸ್ಥಿತಿ, ಹಿಂಸೆ ಅನುಭವಿಸಿದ್ದನೇ, ಈಗಿನ ಸಂಸಾರ, ಓದು, ದುಡಿಮೆ, ಹಿಂದಿನ ಅಪರಾಧ ಇವುಗಳ ಮಾಹಿತಿಯನ್ನು ಕಾಲಮಿತಿಯಲ್ಲಿ ಒದಗಿಸಬೇಕು. ಜೈಲಿನಲ್ಲಿ ಅವನ ನಡತೆ ಹೇಗಿದೆ, ಏನು ಕೆಲಸ ಮಾಡುತ್ತಾನೆ, ಏನು ಓದಿಕೊಂಡ ಎಂಬ ಹೊಸ ವರದಿ ತರಿಸಬೇಕು. ಆರೋಪಿಯ ಕಡೆಯವರಿಗೂ ತಮ್ಮ ಸಾಕ್ಷ್ಯ ಕೊಡಲು ಅವಕಾಶವಿರಬೇಕು. ಆ ಪ್ರಕರಣದ ಮೂವರ ಗಲ್ಲನ್ನು ಕನಿಷ್ಠ 25 ವರ್ಷಗಳ ಜೀವಾವಧಿಗೆ ಇಳಿಸಲಾಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಾಟಕದ ಒಂದು ಪ್ರಕರಣ ಬಂತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಸುಮಾರು ಹತ್ತು ವರ್ಷ ಒಂಟಿ ಕೋಣೆಯಲ್ಲಿಟ್ಟಿದ್ದ ಕೈದಿಯ ಗಲ್ಲನ್ನು ಸುಪ್ರೀಂ ಕೋರ್ಟ್ 30 ವರ್ಷಗಳ ಜೀವಾವಧಿಗೆ ಇಳಿಸಿತು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ಮೊದಲೇ ಒಂಟಿ ಸೆರೆಯಲ್ಲಿಟ್ಟದ್ದು ಕಾನೂನುಬಾಹಿರ ಎಂಬುದು ಕಾರಣ. ಅವನ ಅಪರಾಧ ಘೋರವಾದದ್ದೇ. ಆದರೂ ಶಿಕ್ಷೆಯಾದ ಮೇಲೆ ಸರ್ಕಾರ ಅವನನ್ನು ನಡೆಸಿಕೊಂಡ ರೀತಿಯೂ ತಕ್ಕಡಿಗೆ ಬಂತು.

ಶಿಕ್ಷೆಯ ವಿಚಾರಣೆಗೆ ಎಷ್ಟು ಸಮಯ ಕೊಡಬೇಕು, ತೀರ್ಪಿನ ದಿನವೇ ಶಿಕ್ಷೆ ಹೇಳಬಹುದೇ ಎಂಬ ಬಗ್ಗೆ ಬೇರೆ ಬೇರೆ ಪೀಠಗಳು ಬೇರೆ ಬೇರೆ ಮಾತು ಹೇಳಿದ್ದರಿಂದ 2022ರ ಸೆಪ್ಟೆಂಬರ್‌ನಲ್ಲಿ ಆ ಪ್ರಶ್ನೆಯನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಲಾಗಿದೆ. ಗಲ್ಲಲ್ಲದ ಸಾಮಾನ್ಯ ಪ್ರಕರಣಗಳಲ್ಲಂತೂ ಪರಿಸ್ಥಿತಿ ಇನ್ನೂ ಕಳಪೆ. ಶಿಕ್ಷೆ ನಿರ್ಧರಿಸಲು ಶಾಸನಬದ್ಧ ಮಾರ್ಗಸೂಚಿ ಬೇಕೆಂದು, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ ಶಿಫಾರಸು ಮಾಡಿದ್ದು 2003ರಲ್ಲಿ, ನಾಸಿಕ್ ಘಟನೆ ನಡೆದ ವರ್ಷವೇ. ಆ ಸಮಿತಿಯ ಎಷ್ಟೋ ಸಲಹೆಗಳನ್ನು ನಾನು ಒಪ್ಪುವುದಿಲ್ಲ, ಇದೊಂದನ್ನು ಮಾತ್ರ ಮನಸಾರೆ ಒಪ್ಪುತ್ತೇನೆ. ಮಾರ್ಗಸೂಚಿ ಇನ್ನೂ ಬಂದಿಲ್ಲ.

ಹಾಗಾಗಿ ಸದ್ಯಕ್ಕೆ ಕೆಲಸ ಬೀಳುವುದು ಜಿಲ್ಲಾ ನ್ಯಾಯಾಲಯದ ವಕೀಲರ ಮೇಲೆ, ಅದರಲ್ಲೂ ಕಾನೂನು ಸೇವಾ ಪ್ರಾಧಿಕಾರ ನೇಮಿಸಿಕೊಟ್ಟ ಕಿರಿಯ ವಕೀಲರ ಮೇಲೆ. ಗಲ್ಲಿಗೆ ಗುರಿಯಾದವರಲ್ಲಿ ಸುಮಾರು 74 ಶೇಕಡಾ ಆರ್ಥಿಕವಾಗಿ ದುರ್ಬಲರು ಎಂದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ಅಧ್ಯಯನ ತೋರಿಸಿತ್ತು. ಅವರಲ್ಲಿ ಹಲವರ ಪರ ನಿಲ್ಲುವವರು ಈ ವಕೀಲರೇ. ಅವರಿಗೆ ನನ್ನದು ಒಂದು ವಿನಂತಿ. ದೋಷಿ ಎಂದು ತೀರ್ಪು ಬರುವ ತನಕ ಕಾಯಬೇಡಿ, ಅಷ್ಟೊತ್ತಿಗೆ ತಡವಾಗಿರುತ್ತದೆ. ಆರೋಪ ಹೊರಿಸಿದ ವಾರದಲ್ಲೇ ಕಕ್ಷಿದಾರನ ಊರಿಗೆ ಹೋಗಿ, ಇಲ್ಲವೇ ಯಾರನ್ನಾದರೂ ಕಳಿಸಿ. ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅವನ ಹೆಸರಿದ್ದರೆ ಆ ಪುಟದ ದೃಢೀಕೃತ ನಕಲು ಪಡೆಯಿರಿ. ಅಂಗನವಾಡಿಯಲ್ಲಿ, ರೇಷನ್ ಕಾರ್ಡಿನಲ್ಲಿ, ಅಕ್ಕತಂಗಿಯರ ಕಾಗದಪತ್ರಗಳಲ್ಲಿ ವಯಸ್ಸು ತಾಳೆಯಾಗುತ್ತದೆಯೇ ನೋಡಿ. ತಲೆಗೆ ಪೆಟ್ಟು ಬಿದ್ದಿತ್ತೇ, ಮೂರ್ಛೆ ಬರುತ್ತಿತ್ತೇ, ತಾಲ್ಲೂಕು ಆಸ್ಪತ್ರೆಯ ಚೀಟಿ ಇದೆಯೇ ಎಂದು ತಾಯಿಯನ್ನು ಕೇಳಿ. ಒಮ್ಮೆ ಕೇಳಿದರೆ ಹೇಳುವುದಿಲ್ಲ, ಎರಡು ಮೂರು ಸಲ ಹೋಗಬೇಕಾಗುತ್ತದೆ. ಸರ್ಕಾರ ತನ್ನ ವರದಿ ಸಲ್ಲಿಸದಿದ್ದರೆ ಮನೋಜ್ ತೀರ್ಪನ್ನು ಹೆಸರಿಸಿ ಲಿಖಿತ ಅರ್ಜಿ ಹಾಕಿ, ನ್ಯಾಯಾಲಯ ಅದನ್ನು ತಿರಸ್ಕರಿಸಿದರೂ ಹೈಕೋರ್ಟ್ ನೋಡುವ ಕಡತದಲ್ಲಿ ಆ ಅರ್ಜಿ ಇರುತ್ತದೆ.